ಲಿನಕ್ಸ್ ಡೆಸ್ಕ್‌ಟಾಪ್ ಇದ್ದಕ್ಕಿದ್ದಂತೆ ಹ್ಯಾಂಗ್ ಆದರೆ: ರೀಸೆಟ್ ಒತ್ತುವ ಮೊದಲು

ಕೆಲಸ ಮಾಡುತ್ತಿರುವಾಗಲೇ ಸಿಸ್ಟಮ್ ನಿಂತುಬಿಡುತ್ತದೆ. ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ, ಮೂಲೆಯಲ್ಲಿರುವ ಗಡಿಯಾರ ಕೂಡ ಮುಂದೆ ಹೋಗುವುದಿಲ್ಲ. ಎರಡು ಸಲ ಆಲ್ಟ್-ಟ್ಯಾಬ್ ಒತ್ತಿ ನೋಡಿ, ಆಮೇಲೆ ಪವರ್ ಬಟನ್ ಅದುಮಿ ಹಿಡಿಯುವುದು ಎಲ್ಲರ ಅಭ್ಯಾಸ. ಸಿಸ್ಟಮ್ ಮತ್ತೆ ಶುರುವಾಗುತ್ತದೆ ನಿಜ. ಆದರೆ ಯಾಕೆ ನಿಂತಿತು ಅನ್ನುವ ಸುಳಿವೂ ಅದರ ಜೊತೆಗೇ ಹೋಗಿಬಿಡುತ್ತದೆ.

ರ‍್ಯಾಮ್ ತುಂಬಿದರೂ ಹ್ಯಾಂಗ್, ಗ್ರಾಫಿಕ್ಸ್ ಡ್ರೈವರ್ ಬಿದ್ದರೂ ಹ್ಯಾಂಗ್, ಡಿಸ್ಕ್ ಕೈಕೊಟ್ಟರೂ ಹ್ಯಾಂಗ್, ಪ್ರೊಸೆಸರ್ ಸ್ತಬ್ಧವಾದರೂ ಹ್ಯಾಂಗ್. ನೋಡುವವರಿಗೆ ಎಲ್ಲವೂ ಒಂದೇ ಥರ. ಅದಕ್ಕೇ ಸಲಹೆ ಕೇಳಿದರೆ ಒಬ್ಬರು ರ‍್ಯಾಮ್ ಬದಲಿಸಿ ಅನ್ನುತ್ತಾರೆ, ಇನ್ನೊಬ್ಬರು ಡಿಸ್ಟ್ರೊ (ಉಬುಂಟು, ಫೆಡೋರಾ ಥರದ ಲಿನಕ್ಸ್ ಬಗೆ) ಬದಲಿಸಿ ಅನ್ನುತ್ತಾರೆ, ಮತ್ತೊಬ್ಬರು ಥರ್ಮಲ್ ಪೇಸ್ಟ್ ಹಚ್ಚಿ ಅನ್ನುತ್ತಾರೆ. ಯಾವುದಕ್ಕೂ ದುಡ್ಡು ಹಾಕುವ ಮೊದಲು, ನಿಂತಿರುವ ಆ ಹೊತ್ತಿನಲ್ಲೇ ಏನೇನು ಇನ್ನೂ ಓಡುತ್ತಿದೆ ಅಂತ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕೆಳಗಿನ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ.

ಮೊದಲೇ ಮಾಡಿಟ್ಟುಕೊಳ್ಳಬೇಕಾದ ಎರಡು ಕೆಲಸ

ಹ್ಯಾಂಗ್ ಆದ ಮೇಲೆ ಏನನ್ನೂ ಇನ್‌ಸ್ಟಾಲ್ ಮಾಡಲು ಆಗುವುದಿಲ್ಲ ಅಲ್ವಾ? ಹಾಗಾಗಿ ಸಿಸ್ಟಮ್ ಚೆನ್ನಾಗಿರುವಾಗಲೇ, ಇನ್ನೊಂದು ಸಾಧನದಿಂದ ಲಾಗಿನ್ ಆಗಲು ಬಿಡುವ ಓಪನ್‌ಎಸ್‌ಎಸ್‌ಎಚ್ ಸರ್ವರ್ ಹಾಕಿಡಿ. ಮನೆಯ ವೈಫೈನಲ್ಲಿರುವ ಇನ್ನೊಂದು ಲ್ಯಾಪ್‌ಟಾಪ್‌ನಿಂದಲೋ, ಫೋನ್‌ನಲ್ಲಿ ಟರ್ಮಕ್ಸ್ ಹಾಕಿಕೊಂಡೋ ಒಮ್ಮೆ ಲಾಗಿನ್ ಆಗಿ ನೋಡಿ. ಡೆಸ್ಕ್‌ಟಾಪ್‌ನ ಐಪಿ ವಿಳಾಸವನ್ನು ಎಲ್ಲಾದರೂ ಬರೆದಿಡಿ.

ಎರಡನೆಯದು ಸಿಸ್‌ಆರ್‌ಕ್ಯೂ. ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಕೀಲಿಗಳನ್ನು ಹಿಡಿದುಕೊಂಡು ಇನ್ನೊಂದು ಅಕ್ಷರ ಒತ್ತಿದರೆ ಆ ಆದೇಶ ಯಾವ ಪ್ರೋಗ್ರಾಮ್‌ಗೂ ಹೋಗದೆ ನೇರ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಹೋಗುತ್ತದೆ. ಸಿಸ್ಟಮ್ ನಿಂತರೆ ಆರ್, ಇ, ಐ, ಎಸ್, ಯು, ಬಿ ಅಂತ ಒಂದೊಂದಾಗಿ ಒತ್ತಿ ಅನ್ನುವ ಸಲಹೆಯನ್ನು ನೀವು ಕೇಳಿರಬಹುದು. ಆದರೆ ಯಾವ ಆದೇಶಕ್ಕೆ ಅನುಮತಿ ಇದೆ ಅಂತ ಹೇಳುವ ಅಂಕಿ ಉಬುಂಟುನಲ್ಲಿ ಡೀಫಾಲ್ಟ್ ಆಗಿ 176, ಅಂದರೆ 16, 32, 128 ಸೇರಿ. ಡಿಸ್ಕ್‌ಗೆ ಬರೆಯುವುದು, ರೀಡ್-ಓನ್ಲಿ ಮಾಡುವುದು, ರೀಬೂಟ್ ಮಾಡುವುದು, ಇಷ್ಟಕ್ಕೆ ಮಾತ್ರ ಅನುಮತಿ. ಎಸ್, ಯು, ಬಿ ಕೆಲಸ ಮಾಡುತ್ತವೆ, ಆರ್, ಇ, ಐ ಮಾಡುವುದಿಲ್ಲ. ಫೆಡೋರಾದಲ್ಲಿ ಬರೀ 16, ಅಂದರೆ ಎಸ್ ಒಂದೇ. ಪತ್ತೆ ಮುಗಿಯುವವರೆಗೆ '/ಇಟಿಸಿ/ಸಿಸ್‌ಸಿಟಿಎಲ್.ಡಿ' ಒಳಗೆ ಒಂದು ಫೈಲ್ ಮಾಡಿ 'ಕರ್ನಲ್.ಸಿಸ್‌ಆರ್‌ಕ್ಯೂ=1' ಅಂತ ಹಾಕಿಡಿ. 1 ಅಂದರೆ ಎಲ್ಲ ಆದೇಶಕ್ಕೂ ಅನುಮತಿ. ಕೀಬೋರ್ಡ್ ಹತ್ತಿರ ಬಂದ ಯಾರು ಬೇಕಾದರೂ ಓಡುತ್ತಿರುವ ಪ್ರೋಗ್ರಾಮ್‌ಗಳನ್ನೂ ಕೊಲ್ಲಬಹುದು ಅನ್ನುವುದು ಇದರ ತೊಂದರೆ. ಮನೆಯಲ್ಲಿ ಪರವಾಗಿಲ್ಲ, ಆಫೀಸಿನಲ್ಲಿ ಆಮೇಲೆ ತೆಗೆದುಬಿಡಿ.

ನಿಂತ ಕೂಡಲೇ ಏನು ನೋಡಬೇಕು

ಮೊದಲು ಕೈ ಕಟ್ಟಿ ಕೂತು ನೋಡಿ. ಪಾಯಿಂಟರ್ ಅಲ್ಲಾಡುತ್ತಿದೆಯಾ? ಹಾಡು ಓಡುತ್ತಿದ್ದರೆ ಅದು ಮುಂದುವರಿಯುತ್ತಿದೆಯಾ, ಪೂರ್ತಿ ನಿಂತಿದೆಯಾ, ಅಥವಾ ಅರ್ಧ ಸೆಕೆಂಡಿನ ತುಣುಕು ಮತ್ತೆ ಮತ್ತೆ ಕೇಳಿಸುತ್ತಿದೆಯಾ? ಹಾಡು ಸಲೀಸಾಗಿ ಓಡುತ್ತಿದ್ದು ಪರದೆ ಮಾತ್ರ ನಿಂತಿದ್ದರೆ ಗುಮಾನಿ ಗ್ರಾಫಿಕ್ಸ್ ಕಡೆಗೆ. ಒಂದೇ ತುಣುಕು ಗರಗರ ಅಂತ ಸುತ್ತುತ್ತಿದ್ದರೆ ಸೌಂಡ್ ಚಿಪ್‌ಗೆ ಹೊಸ ಡೇಟಾ ಕೊಡುವವರೇ ಇಲ್ಲ ಅಂತ ಅರ್ಥ. ಅದು ಒಳ್ಳೆಯ ಲಕ್ಷಣ ಅಲ್ಲ. ಕ್ಯಾಬಿನೆಟ್ ಮೇಲಿನ ಡಿಸ್ಕ್ ಲೈಟ್ ಬಿಡದೆ ಉರಿಯುತ್ತಿದ್ದರೆ ರ‍್ಯಾಮ್ ತುಂಬಿರುವ ಸಾಧ್ಯತೆ ಜಾಸ್ತಿ.

ಕ್ಯಾಪ್ಸ್ ಲಾಕ್ ಒತ್ತಿ ಲೈಟ್ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಲೈಟ್ ಹೊತ್ತಿದರೆ ಕರ್ನಲ್ ಬದುಕಿದೆ, ಸರಿ. ಆದರೆ ಹೊತ್ತದಿದ್ದರೆ ಕರ್ನಲ್ ಸತ್ತಿದೆ ಅಂತ ತೀರ್ಮಾನಕ್ಕೆ ಬರಬೇಡಿ. ಗ್ರಾಫಿಕಲ್ ಡೆಸ್ಕ್‌ಟಾಪ್‌ನಲ್ಲಿ ಆ ಲೈಟನ್ನು ಹೊತ್ತಿಸುವುದು ಪರದೆ ಮೇಲೆ ವಿಂಡೋಗಳನ್ನು ತೋರಿಸುವ ಪ್ರೋಗ್ರಾಮ್, ಅಂದರೆ ಎಕ್ಸ್ ಸರ್ವರ್ ಅಥವಾ ವೇಲ್ಯಾಂಡ್ ಕಂಪೋಸಿಟರ್. ಅದು ಸಿಕ್ಕಿಕೊಂಡಿದ್ದರೂ ಲೈಟ್ ಹೊತ್ತುವುದಿಲ್ಲ.

ಇದಕ್ಕಿಂತ ನಂಬಬಹುದಾದ ಪರೀಕ್ಷೆ ಪಿಂಗ್, ಅಂದರೆ ನೆಟ್‌ವರ್ಕ್ ಮೂಲಕ 'ಇದ್ದೀಯಾ' ಅಂತ ಕೇಳುವುದು. ಇನ್ನೊಂದು ಸಾಧನದಿಂದ ಡೆಸ್ಕ್‌ಟಾಪ್‌ಗೆ ಪಿಂಗ್ ಮಾಡಿ, ಆಮೇಲೆ ಎಸ್‌ಎಸ್‌ಎಚ್ ಮಾಡಿ. ಪಿಂಗ್‌ಗೆ ಉತ್ತರ ಕೊಡುವುದು ಕರ್ನಲ್ಲೇ. ಅದಕ್ಕೆ ಡಿಸ್ಕ್ ಬೇಕಿಲ್ಲ, ಹೊಸ ಪ್ರೋಗ್ರಾಮ್ ಶುರುವಾಗಬೇಕಿಲ್ಲ. ಎಸ್‌ಎಸ್‌ಎಚ್‌ಗೆ ಎರಡೂ ಬೇಕು. ಹಾಗಾಗಿ ಮೂರು ದಾರಿ ಕಾಣುತ್ತದೆ. ಎರಡೂ ಕೆಲಸ ಮಾಡಿದರೆ ಸಮಸ್ಯೆ ಪರದೆಗೆ ಸಂಬಂಧಪಟ್ಟದ್ದು. ಪಿಂಗ್ ಬರುತ್ತದೆ, ಎಸ್‌ಎಸ್‌ಎಚ್ ಪಾಸ್‌ವರ್ಡ್ ಕೇಳುವ ಮೊದಲೇ ನಿಲ್ಲುತ್ತದೆ ಅಂದರೆ ರ‍್ಯಾಮ್ ಅಥವಾ ಡಿಸ್ಕ್. ಪಿಂಗ್ ಕೂಡ ಇಲ್ಲ, ಸಿಸ್‌ಆರ್‌ಕ್ಯೂ ಬಿ ಒತ್ತಿದರೂ ರೀಬೂಟ್ ಆಗುವುದಿಲ್ಲ ಅಂದರೆ ಕರ್ನಲ್ ಪೂರ್ತಿ ನಿಂತಿದೆ. ಅಲ್ಲಿಂದ ಮುಂದೆ ಹೆಚ್ಚಾಗಿ ಹಾರ್ಡ್‌ವೇರ್ ಕಥೆ.

ಇನ್ನೊಂದು ಮಾತು: ನಾಲ್ಕು ನಿಮಿಷ ಕಾಯಿರಿ. ಇದು ತಾಳ್ಮೆಯ ಪಾಠ ಅಲ್ಲ, ಲೆಕ್ಕ. ಒಂದು ಟಾಸ್ಕ್ ಡಿಸ್ಕ್‌ಗಾಗಿ ಕಾಯುತ್ತಾ 120 ಸೆಕೆಂಡ್ ಅಲ್ಲಾಡದೆ ಕೂತರೆ ಮಾತ್ರ ಕರ್ನಲ್ ಅದರ ಬಗ್ಗೆ ಲಾಗ್‌ನಲ್ಲಿ, ಅಂದರೆ ಸಿಸ್ಟಮ್‌ನ ದಿನಚರಿಯಲ್ಲಿ, ಬರೆಯುತ್ತದೆ. ಪರೀಕ್ಷೆ ಮಾಡುವುದೂ 120 ಸೆಕೆಂಡಿಗೆ ಒಂದು ಸಲ. ಅರ್ಧ ನಿಮಿಷಕ್ಕೇ ರೀಸೆಟ್ ಒತ್ತಿದರೆ ಆ ಸಾಲು ಹುಟ್ಟುವುದೇ ಇಲ್ಲ. ಕಾದ ಮೇಲೆ ಸಿಸ್‌ಆರ್‌ಕ್ಯೂ ಡಬ್ಲ್ಯೂ ಒತ್ತಿ. ಎಲ್ಲಿ ಯಾರು ಸಿಕ್ಕಿಕೊಂಡಿದ್ದಾರೆ ಅನ್ನುವುದು ಲಾಗ್‌ಗೆ ಹೋಗುತ್ತದೆ. ಎಲ್ ಒತ್ತಿದರೆ ಪ್ರತಿ ಸಿಪಿಯು ಆ ಕ್ಷಣ ಏನು ಮಾಡುತ್ತಿತ್ತು ಅನ್ನುವುದೂ ಹೋಗುತ್ತದೆ. ಆಮೇಲೆ ಎಸ್, ಯು, ಬಿ.

ರೀಬೂಟ್ ಆದ ಮೇಲೆ ಲಾಗ್

'ಜರ್ನಲ್‌ಸಿಟಿಎಲ್ -ಕೆ -ಬಿ -1 -ಇ' ಅಂದರೆ ಹಿಂದಿನ ಬೂಟ್‌ನ ಕರ್ನಲ್ ಲಾಗ್‌ನ ಕೊನೆಯ ಭಾಗ. ಹಿಂದಿನ ಬೂಟ್ ಸಿಗಲಿಲ್ಲ ಅಂದರೆ ನಿಮ್ಮಲ್ಲಿ ಲಾಗ್ ರ‍್ಯಾಮ್‌ನಲ್ಲೇ ಉಳಿದು ಅಳಿಸಿಹೋಗುತ್ತಿದೆ. '/ವಾರ್/ಲಾಗ್/ಜರ್ನಲ್' ಅನ್ನುವ ಫೋಲ್ಡರ್ ಮಾಡಿ ಸಿಸ್ಟಮ್ ರೀಸ್ಟಾರ್ಟ್ ಮಾಡಿದರೆ ಮುಂದಿನ ಸಲದಿಂದ ಉಳಿಯುತ್ತದೆ.

ಓದುವಾಗ ಕೆಂಪು ಸಾಲುಗಳನ್ನೆಲ್ಲ ಕಂಡು ಗಾಬರಿ ಬೀಳಬೇಡಿ. ಆರೋಗ್ಯವಾಗಿರುವ ಸಿಸ್ಟಮ್‌ನಲ್ಲೂ ಬೂಟ್ ಹೊತ್ತಿಗೆ ಎಸಿಪಿಐ (ಪವರ್ ನಿರ್ವಹಣೆ) ದೂರುಗಳು, ಬ್ಲೂಟೂತ್ ಗೊಣಗಾಟ ಇದ್ದೇ ಇರುತ್ತವೆ. ನಿಂತ ಹೊತ್ತಿನ ಆಸುಪಾಸಿನ ಸಾಲು ಮಾತ್ರ ಮುಖ್ಯ. ಒಂದು ಉದಾಹರಣೆ ನೋಡಿ:

ಐಎನ್‌ಎಫ್‌ಒ: ಟಾಸ್ಕ್ ಜೆಬಿಡಿ2/ಎಸ್‌ಡಿಎ2-8:312 ಬ್ಲಾಕ್ಡ್ ಫಾರ್ ಮೋರ್ ದ್ಯಾನ್ 120 ಸೆಕೆಂಡ್ಸ್.

ಜೆಬಿಡಿ2 ಅಂದರೆ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನ ಜರ್ನಲ್ ಬರೆಯುವ ಕರ್ನಲ್ ಥ್ರೆಡ್. ಎಸ್‌ಡಿಎ2 ಅದು ಬರೆಯಬೇಕಿದ್ದ ಪಾರ್ಟಿಶನ್. 312 ಪ್ರೊಸೆಸ್ ನಂಬರ್. ಅಲ್ಲಿಗೆ, ಎಸ್‌ಡಿಎ ಡಿಸ್ಕ್‌ಗೆ ಬರೆಯಲು ಹೋದವರು ಎರಡು ನಿಮಿಷ ಕಳೆದರೂ ವಾಪಸ್ ಬಂದಿಲ್ಲ. ಈ ಸಾಲಿನ ಹೊತ್ತು 10:42 ಅಂತಿದ್ದರೆ ಕಾರಣ ಹುಡುಕಬೇಕಾದದ್ದು 10:40ರ ಆಸುಪಾಸಿನಲ್ಲಿ, ಕೆಲವೊಮ್ಮೆ ಇನ್ನೂ ಹಿಂದೆ. 'ಸಾಫ್ಟ್ ಲಾಕಪ್ – ಸಿಪಿಯು ಸ್ಟಕ್ ಫಾರ್ 22ಎಸ್' ಅನ್ನುವ ಸಾಲಿಗೂ ಇದೇ ಲೆಕ್ಕ. ಅಲ್ಲಿ ಮಿತಿ 20 ಸೆಕೆಂಡ್. ಸಾಲು ಕಂಡಿದ್ದು ಈಗ, ತೊಂದರೆ ಶುರುವಾಗಿದ್ದು ಅದಕ್ಕೆ ಮೊದಲೇ.

ಲಾಗ್ ಎಲ್ಲೋ ಮಧ್ಯದಲ್ಲಿ ತಟ್ಟನೆ ನಿಂತು ಮುಂದೆ ಏನೂ ಇಲ್ಲ ಅಂದರೆ ಅದೂ ಒಂದು ಸುಳಿವೇ. ಆದರೆ ಪೂರ್ತಿ ನಂಬುವ ಹಾಗಿಲ್ಲ. ಲಾಗ್ ಇಡುವ ಜರ್ನಲ್ ಸೇವೆ ಸಾಮಾನ್ಯ ಸಾಲುಗಳನ್ನು ಡಿಸ್ಕ್‌ಗೆ ಖಾತ್ರಿಯಾಗಿ ಬರೆಸುವುದು ಡೀಫಾಲ್ಟ್ ಆಗಿ 5 ನಿಮಿಷಕ್ಕೊಮ್ಮೆ. ತೀರಾ ಗಂಭೀರ ಸಾಲುಗಳನ್ನು ಮಾತ್ರ ಕೂಡಲೇ ಬರೆಸುತ್ತದೆ. ಕೊನೆಯ ಸಾಲುಗಳು ಕಳೆದುಹೋಗಿರಬಹುದು. ಅದರಲ್ಲೂ ಡಿಸ್ಕ್ ಕೈಕೊಟ್ಟಿದ್ದರೆ ತನ್ನ ಸಾವಿನ ಸುದ್ದಿಯನ್ನು ಅದು ತಾನೇ ಬರೆದುಕೊಳ್ಳುವುದು ಹೇಗೆ? ಅದಕ್ಕೆ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಆಗಿ 'ಜರ್ನಲ್‌ಸಿಟಿಎಲ್ -ಕೆ -ಎಫ್' ಓಡಿಸಿ ಹಾಗೇ ಬಿಟ್ಟಿರಿ. ಕೊನೆಯ ಸಾಲು ಲ್ಯಾಪ್‌ಟಾಪ್‌ನ ಪರದೆ ಮೇಲೆ ಉಳಿಯುತ್ತದೆ. ಅದೂ ಸಾಲದಿದ್ದರೆ ನೆಟ್‌ಕನ್ಸೋಲ್ ಇದೆ. ಕರ್ನಲ್ ತನ್ನ ಸಾಲುಗಳನ್ನು ಯುಡಿಪಿ ಮೂಲಕ ನೇರ ಇನ್ನೊಂದು ಕಂಪ್ಯೂಟರ್‌ನ 6666ನೇ ಪೋರ್ಟ್‌ಗೆ ಕಳಿಸುತ್ತದೆ. ಡೆಸ್ಕ್‌ಟಾಪ್‌ಗೆ ಕೇಬಲ್ ನೆಟ್‌ವರ್ಕ್ ಇರಬೇಕು, ವೈಫೈ ನೆಚ್ಚಿಕೊಂಡರೆ ಆಗುವುದಿಲ್ಲ.

ರ‍್ಯಾಮ್ ತುಂಬಿದಾಗ

ಮನೆ ಡೆಸ್ಕ್‌ಟಾಪ್‌ಗಳಲ್ಲಿ ಮೊದಲು ಅನುಮಾನಪಡಬೇಕಾದದ್ದು ಇದನ್ನೇ. 8 ಜಿಬಿ ರ‍್ಯಾಮ್, ಬ್ರೌಸರ್‌ನಲ್ಲಿ ರಾಶಿ ಟ್ಯಾಬ್, ಜೊತೆಗೊಂದು ವಿಡಿಯೋ ಮೀಟಿಂಗ್. ಜಾಗ ಕಮ್ಮಿಯಾದಾಗ ಕರ್ನಲ್ ಕೂಡಲೇ ಯಾರನ್ನೂ ಕೊಲ್ಲುವುದಿಲ್ಲ. ಸ್ವಾಪ್‌ಗೆ, ಅಂದರೆ ಡಿಸ್ಕ್‌ನಲ್ಲಿ ಇದಕ್ಕೆಂದೇ ಇಟ್ಟ ಜಾಗಕ್ಕೆ, ತಳ್ಳುತ್ತದೆ. ಓಡುತ್ತಿರುವ ಪ್ರೋಗ್ರಾಮ್‌ಗಳ ಕೋಡ್ ಪುಟಗಳನ್ನೂ ರ‍್ಯಾಮ್‌ನಿಂದ ಬಿಸಾಕುತ್ತದೆ, ಬೇಕಾದಾಗ ಡಿಸ್ಕ್‌ನಿಂದ ಮತ್ತೆ ತರಬಹುದಲ್ಲ ಅಂತ. ಮರುಕ್ಷಣವೇ ಅದೇ ಪುಟ ಬೇಕಾಗುತ್ತದೆ. ತರುತ್ತದೆ, ಬಿಸಾಕುತ್ತದೆ, ಮತ್ತೆ ತರುತ್ತದೆ. ಡಿಸ್ಕ್ ಒದ್ದಾಡುತ್ತದೆ, ಪಾಯಿಂಟರ್ ಹತ್ತು ಸೆಕೆಂಡಿಗೊಮ್ಮೆ ಕುಪ್ಪಳಿಸುತ್ತದೆ. ಇಷ್ಟಾದರೂ ಎಷ್ಟೋ ಸಲ, ಮೆಮೊರಿ ಮುಗಿದಾಗ ಪ್ರೊಸೆಸ್ ಕೊಲ್ಲುವ ಕರ್ನಲ್‌ನ ಔಟ್-ಆಫ್-ಮೆಮೊರಿ ಕಿಲ್ಲರ್ ಬರುವುದೇ ಇಲ್ಲ. ಕರ್ನಲ್ ಲೆಕ್ಕದಲ್ಲಿ ಇನ್ನೂ ಜಾಗ ಸಿಗುತ್ತಿದೆಯಲ್ಲ.

ಸ್ವಾಪ್ ತೆಗೆದುಬಿಟ್ಟರೆ ಸರಿಹೋಗುತ್ತದೆ ಅನ್ನುವ ನಂಬಿಕೆ ಬಹಳ ಇದೆ. ನನ್ನ ಪ್ರಕಾರ ಅದು ಉಲ್ಟಾ ಸಲಹೆ. ಸ್ವಾಪ್ ಇಲ್ಲದಿದ್ದರೆ ಹೊರಗೆ ತಳ್ಳಲು ಕೋಡ್ ಪುಟಗಳೇ ಉಳಿಯುತ್ತವೆ, ಒದ್ದಾಟ ಇನ್ನೂ ಬೇಗ ಶುರುವಾಗುತ್ತದೆ.

ಖಚಿತ ಮಾಡಿಕೊಳ್ಳಲು 'ವಿಎಂಸ್ಟ್ಯಾಟ್ 1' ಓಡಿಸಿ. ಎಸ್‌ಐ ಮತ್ತು ಎಸ್‌ಒ (ಸ್ವಾಪ್‌ನಿಂದ ಒಳಗೆ, ಸ್ವಾಪ್‌ಗೆ ಹೊರಗೆ) ಕಾಲಂಗಳಲ್ಲಿ ಬಿಡದೆ ದೊಡ್ಡ ಅಂಕಿ ಬರುತ್ತಿದ್ದರೆ ಸ್ವಾಪ್ ಒದ್ದಾಟ. ಇನ್ನೂ ಚೆನ್ನಾಗಿ ತೋರಿಸುವುದು '/ಪ್ರಾಕ್/ಪ್ರೆಷರ್/ಮೆಮೊರಿ' ಫೈಲ್, 4.20 ಕರ್ನಲ್‌ನಿಂದ ಇದೆ. ಅದರಲ್ಲಿ 'ಫುಲ್' ಸಾಲಿನ ಎವಿಜಿ10 ಅಂದರೆ ಕಳೆದ 10 ಸೆಕೆಂಡಿನಲ್ಲಿ ಕೆಲಸವಿರುವ ಎಲ್ಲರೂ ಒಟ್ಟಿಗೇ ಮೆಮೊರಿಗಾಗಿ ಕಾದು ಕೂತಿದ್ದ ಶೇಕಡಾ ಸಮಯ. ಮಾಮೂಲಿ ಇದು ಸೊನ್ನೆ ಹತ್ತಿರ ಇರುತ್ತದೆ. 40, 50 ಅಂತ ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ.

ಆ ಕ್ಷಣಕ್ಕೆ ಪರಿಹಾರ ಸಿಸ್‌ಆರ್‌ಕ್ಯೂ ಎಫ್. ಅತಿ ಜಾಸ್ತಿ ಮೆಮೊರಿ ತಿನ್ನುತ್ತಿರುವ ಒಂದು ಪ್ರೊಸೆಸ್ಸನ್ನು ಕರ್ನಲ್ ಕೊಲ್ಲುತ್ತದೆ, ಹೆಚ್ಚಾಗಿ ಬ್ರೌಸರ್ ಟ್ಯಾಬ್. ಶಾಶ್ವತಕ್ಕೆ, ಸ್ವಾಪ್ ಡೇಟಾವನ್ನು ಕುಗ್ಗಿಸಿ ಮೆಮೊರಿಯಲ್ಲೇ ಇಡುವ ಝಡ್‌ರ‍್ಯಾಮ್ ಹಾಕಿಕೊಳ್ಳಿ. ಫೆಡೋರಾದಲ್ಲಿ 33ನೇ ಆವೃತ್ತಿಯಿಂದ ಡೀಫಾಲ್ಟ್ ಆಗಿಯೇ ಇದೆ. ಜೊತೆಗೆ ಅರ್ಲಿಊಮ್. ರ‍್ಯಾಮ್ ಮತ್ತು ಸ್ವಾಪ್ ಎರಡರಲ್ಲೂ ಶೇ 10ಕ್ಕಿಂತ ಕಮ್ಮಿ ಉಳಿದಾಗ ಅದು ದೊಡ್ಡ ಪ್ರೊಸೆಸ್ಸಿಗೆ ನಿಲ್ಲು ಅನ್ನುತ್ತದೆ, ಶೇ 5ಕ್ಕಿಂತ ಇಳಿದರೆ ಕೇಳದೆ ಕೊಲ್ಲುತ್ತದೆ. ಉಬುಂಟು 22.04ರಿಂದ ಇಂಥದ್ದೇ ಕೆಲಸ ಮಾಡುವ ಸಿಸ್ಟಮ್‌ಡಿ-ಊಮ್‌ಡಿ ಬರುತ್ತದೆ. ಬ್ರೌಸರ್ ತಾನಾಗೇ ಮಾಯವಾಯಿತು ಅನ್ನುವವರು ಮೊದಲು ಅದರ ಲಾಗ್ ನೋಡಬೇಕು.

ಪೆನ್‌ಡ್ರೈವ್‌ಗೆ ದೊಡ್ಡ ಫೈಲ್ ಕಾಪಿ ಮಾಡುವಾಗ ಮಾತ್ರ ಸಿಸ್ಟಮ್ ತಡವರಿಸಿದರೆ ಅದು ಬೇರೆ. ಬರೆಯಬೇಕಾದ ಡೇಟಾ ರ‍್ಯಾಮ್‌ನಲ್ಲಿ ರಾಶಿ ಬಿದ್ದಿರುತ್ತದೆ, ಪೆನ್‌ಡ್ರೈವ್ ನಿಧಾನಕ್ಕೆ ತಿನ್ನುತ್ತಿರುತ್ತದೆ. 'ವಿಎಂ.ಡರ್ಟಿ_ಬೈಟ್ಸ್'ನಲ್ಲಿ ಆ ರಾಶಿಗೆ ಒಂದು ಸಣ್ಣ ಮಿತಿ ಹಾಕಿದರೆ ಸಾಕು.

ಪರದೆ ಮಾತ್ರ ನಿಂತಾಗ

ಎಸ್‌ಎಸ್‌ಎಚ್ ಸಲೀಸಾಗಿ ಒಳಗೆ ಬಿಟ್ಟಿತು ಅಂದರೆ ನಿಮ್ಮ ಅದೃಷ್ಟ. ಅಲ್ಲಿಂದಲೇ ಕರ್ನಲ್ ಸಾಲುಗಳನ್ನು ತೋರಿಸುವ 'ಡಿಮೆಸ್ಜ್' ನೋಡಿ. ಎಎಂಡಿ ಕಾರ್ಡ್ ಆದರೆ 'ರಿಂಗ್ ಜಿಎಫ್‌ಎಕ್ಸ್ ಟೈಮ್‌ಔಟ್', ಇಂಟೆಲ್ ಆದರೆ 'ಜಿಪಿಯು ಹ್ಯಾಂಗ್', ಎನ್‌ವಿಡಿಯಾ ಆದರೆ 'ಎಕ್ಸ್‌ಐಡಿ' ಮತ್ತು ಒಂದು ನಂಬರ್ ಹುಡುಕಿ. ಎಕ್ಸ್‌ಐಡಿ 79 ಅಂದರೆ ಕಾರ್ಡ್ ಪಿಸಿಐಇ ಬಸ್‌ನಿಂದಲೇ (ಮದರ್‌ಬೋರ್ಡ್‌ಗೆ ಸೇರಿಸುವ ಸಂಪರ್ಕದಿಂದಲೇ) ಕಾಣೆಯಾಗಿದೆ. ಡ್ರೈವರ್ ಬದಲಿಸುತ್ತಾ ಕೂರುವ ಮೊದಲು ಕಾರ್ಡ್‌ನ ಪವರ್ ಕೇಬಲ್, ಸ್ಲಾಟ್, ಎಸ್‌ಎಂಪಿಎಸ್ (ಪವರ್ ಸಪ್ಲೈ) ನೋಡಿ. 13 ಅಥವಾ 31 ಬಂದರೆ ಯಾವುದೋ ಪ್ರೋಗ್ರಾಮ್ ಅಥವಾ ಡ್ರೈವರ್ ತಪ್ಪಿರುವ ಸಾಧ್ಯತೆ ಜಾಸ್ತಿ.

ಲಾಗ್‌ನಲ್ಲಿ ಇಂಥದ್ದೇನೂ ಇಲ್ಲ, ಆದರೂ ಪರದೆ ನಿಂತಿದೆ ಅಂದರೆ ಡೆಸ್ಕ್‌ಟಾಪ್ ಶೆಲ್ ಸಿಕ್ಕಿಕೊಂಡಿರಬಹುದು. ಗ್ನೋಮ್‌ನಲ್ಲಿ ಎಕ್ಸ್‌ಟೆನ್ಶನ್‌ಗಳನ್ನು ಪೂರ್ತಿ ಆಫ್ ಮಾಡಿ ಕೆಲವು ದಿನ ನೋಡಿ. ಬ್ರೌಸರ್‌ನ ಹಾರ್ಡ್‌ವೇರ್ ಆಕ್ಸಲರೇಶನ್ ತೆಗೆದು ನೋಡಿ. ಬೂಟ್ ಹೊತ್ತಿಗೆ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ಬೂಟ್ ಮಾಡುವುದು ಅತಿ ಸುಲಭದ ಪರೀಕ್ಷೆ. ಅಪ್‌ಡೇಟ್ ಆದ ಮಾರನೇ ದಿನದಿಂದ ಹ್ಯಾಂಗ್ ಶುರುವಾಗಿದ್ದರೆ ಮೊದಲು ಅದನ್ನೇ ಮಾಡಿ.

ಡಿಸ್ಕ್ ಕಾಣೆಯಾದಾಗ

ಇದರ ಚಹರೆ ಬೇರೆ ಥರ ಇರುತ್ತದೆ. ಎಲ್ಲವೂ ಒಮ್ಮೆಗೇ ನಿಲ್ಲುವುದಿಲ್ಲ. ತೆರೆದಿರುವ ವಿಂಡೋ ಸ್ವಲ್ಪ ಹೊತ್ತು ಓಡುತ್ತದೆ, ಹೊಸದೇನೂ ತೆರೆಯುವುದಿಲ್ಲ. ಟರ್ಮಿನಲ್‌ನಲ್ಲಿ ಯಾವ ಕಮಾಂಡ್ ಕೊಟ್ಟರೂ 'ಇನ್‌ಪುಟ್/ಔಟ್‌ಪುಟ್ ಎರರ್'. ಒಂದೊಂದಾಗಿ ಎಲ್ಲವೂ ನಿಲ್ಲುತ್ತಾ ಬರುತ್ತವೆ.

ಡಿಸ್ಕ್‌ನ ಆರೋಗ್ಯ ತೋರಿಸುವ 'ಸ್ಮಾರ್ಟ್‌ಸಿಟಿಎಲ್ -ಎ' ಓಡಿಸುವ ಮೊದಲು ಬ್ಯಾಕಪ್ ತೆಗೆಯಿರಿ. ಸಾಟಾ ಡಿಸ್ಕ್‌ನಲ್ಲಿ 5 ಮತ್ತು 197 ಅಂತ ಐಡಿ ನಂಬರ್ ಇರುವ ಸಾಲುಗಳ (ಕೆಟ್ಟ ಸೆಕ್ಟರ್‌ಗಳ ಎಣಿಕೆ) ಅಂಕಿ ಏರುತ್ತಿದ್ದರೆ ಡಿಸ್ಕ್ ಹೊರಡುವ ತಯಾರಿಯಲ್ಲಿದೆ. 199ನೇ ನಂಬರಿನ ಸಾಲು, ಅಂದರೆ ಯುಡಿಎಂಎ ಸಿಆರ್‌ಸಿ ಎರರ್, ಏರುತ್ತಿದ್ದರೆ ಡಿಸ್ಕ್ ಚೆನ್ನಾಗೇ ಇರಬಹುದು, ಸಾಟಾ ಕೇಬಲ್ ಬದಲಿಸಿ ನೋಡಿ. ಆ ಅಂಕಿ ಹಿಂದಕ್ಕೆ ಸೊನ್ನೆಯಾಗುವುದಿಲ್ಲ, ಏರುವುದು ನಿಂತಿತಾ ಅಂತ ಮಾತ್ರ ಗಮನಿಸಬೇಕು.

ಎನ್‌ವಿಎಂಇ ಎಸ್‌ಎಸ್‌ಡಿ ಆದರೆ 'ಕಂಟ್ರೋಲರ್ ಈಸ್ ಡೌನ್. ವಿಲ್ ರೀಸೆಟ್' ಅನ್ನುವ ಸಾಲು ಹುಡುಕಿ. ಕೆಲವು ಎಸ್‌ಎಸ್‌ಡಿಗಳು ಪವರ್ ಉಳಿಸಲು ನಿದ್ದೆಗೆ ಜಾರಿ ವಾಪಸ್ ಏಳುವುದಿಲ್ಲ. ಕರ್ನಲ್ ಪ್ಯಾರಾಮೀಟರ್ (ಬೂಟ್ ಹೊತ್ತಿಗೆ ಕರ್ನಲ್‌ಗೆ ಕೊಡುವ ಸೂಚನೆ, ಗ್ರಬ್ ಫೈಲ್‌ನಲ್ಲಿ ಇರುತ್ತದೆ) 'ಎನ್‌ವಿಎಂಇ_ಕೋರ್.ಡೀಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್=0' ಹಾಕಿದರೆ ಆ ನಿದ್ದೆಯೇ ಬಂದ್. ಸರಿಹೋದರೆ ಎಸ್‌ಎಸ್‌ಡಿ ತಯಾರಕರ ಫರ್ಮ್‌ವೇರ್ ಅಪ್‌ಡೇಟ್ ಇದೆಯಾ ನೋಡಿ.

ಲಾಗ್ ಇಲ್ಲ, ಪಿಂಗ್ ಇಲ್ಲ, ಏನೂ ಇಲ್ಲ

ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುವುದು ಇದು. ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ನಿಲ್ಲುವುದು ಕೆಲಸದ ಹೊರೆ ಇದ್ದಾಗಲಾ, ಅಥವಾ ಸುಮ್ನೆ ಬಿಟ್ಟಿದ್ದಾಗಲಾ? ಊಟಕ್ಕೆ ಎದ್ದುಹೋಗಿ ಬಂದಾಗ ನಿಂತಿರುತ್ತದೆ, ಆದರೆ ವಿಡಿಯೋ ಎನ್‌ಕೋಡ್ ಮಾಡುತ್ತಾ ರಾತ್ರಿಯಿಡೀ ಓಡುತ್ತದೆ ಅನ್ನುವವರೂ ಇದ್ದಾರೆ. ಅಂಥವರು ರ‍್ಯಾಮ್ ಬದಲಿಸಿ ಪ್ರಯೋಜನ ಕಮ್ಮಿ.

ಸುಮ್ನಿದ್ದಾಗ ನಿಲ್ಲುವುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ 2017ರ ಎಎಂಡಿಯ ಮೊದಲ ತಲೆಮಾರಿನ ರೈಜೆನ್ ಪ್ರೊಸೆಸರ್. ಕರ್ನಲ್ ದೋಷಗಳನ್ನು ದಾಖಲಿಸುವ ಬಗ್‌ಜಿಲ್ಲಾ ತಾಣದಲ್ಲಿ 196683 ನಂಬರಿನ ದೂರು ಇದರದ್ದೇ. ಕೆಲಸ ಇಲ್ಲದಾಗ ಪ್ರೊಸೆಸರ್ ಕೋರ್‌ಗಳು ಸಿ6 ಅನ್ನುವ ಆಳವಾದ ನಿದ್ದೆಗೆ ಹೋಗುತ್ತವೆ. ಆಗ ಅವು ಎಳೆಯುವ ಕರೆಂಟ್ ತೀರಾ ಕಮ್ಮಿಯಾಗುತ್ತದೆ. ಅಷ್ಟು ಕಮ್ಮಿ ಹೊರೆಯಲ್ಲಿ ವೋಲ್ಟೇಜ್ ಸರಿಯಾಗಿ ಹಿಡಿದಿಡಲು ಕೆಲವು ಎಸ್‌ಎಂಪಿಎಸ್‌ಗಳಿಗೆ ಆಗುವುದಿಲ್ಲ. 2013ರಲ್ಲಿ ಇಂಟೆಲ್ ಹ್ಯಾಸ್ವೆಲ್ ಬಂದಾಗಲೂ ಹಳೆಯ ಎಸ್‌ಎಂಪಿಎಸ್‌ಗಳ ಬಗ್ಗೆ ಇದೇ ಚಿಂತೆ ಇತ್ತು. 12 ವೋಲ್ಟ್ ಲೈನ್‌ನಲ್ಲಿ 0.05 ಆಂಪಿಯರ್‌ವರೆಗೂ ಇಳಿದರೂ ತಡೆದುಕೊಳ್ಳಬೇಕಿತ್ತು.

ರೈಜೆನ್‌ಗೆ ಬಯಾಸ್‌ನಲ್ಲೇ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಮೆನು) ಪರಿಹಾರ ಬಂತು. 'ಪವರ್ ಸಪ್ಲೈ ಐಡಲ್ ಕಂಟ್ರೋಲ್' ಅನ್ನುವ ಆಯ್ಕೆಯನ್ನು 'ಟಿಪಿಕಲ್ ಕರೆಂಟ್ ಐಡಲ್' ಮಾಡಬೇಕು. ಕೆಲವು ಬೋರ್ಡ್‌ಗಳಲ್ಲಿ ಇದು ಎಎಂಡಿ ಸಿಬಿಎಸ್ ಮೆನುವಿನ ಒಳಗೆಲ್ಲೋ ಅಡಗಿರುತ್ತದೆ. ಕಾಣದಿದ್ದರೆ ಬಯಾಸ್ ಅಪ್‌ಡೇಟ್ ಮಾಡಿ ಮತ್ತೆ ಹುಡುಕಿ. ಅದಾದ ಮೇಲೂ ಇಲ್ಲದಿದ್ದರೆ ಗ್ಲೋಬಲ್ ಸಿ-ಸ್ಟೇಟ್ ಕಂಟ್ರೋಲ್ ಆಫ್ ಮಾಡಿ. ಕರೆಂಟ್ ಸ್ವಲ್ಪ ಜಾಸ್ತಿ ತಿನ್ನುತ್ತದೆ, ಅಷ್ಟೆ. ಬೆಂಗಳೂರಿನ ಎಸ್‌ಪಿ ರೋಡ್ ಥರದ ಕಡೆ ಸೆಕೆಂಡ್ ಹ್ಯಾಂಡ್ ರೈಜೆನ್ 1600 ಹುಡುಕುವವರು ಈ ಆಯ್ಕೆಯ ಹೆಸರು ನೆನಪಿಟ್ಟುಕೊಳ್ಳಿ.

ಇಂಟೆಲ್‌ನ ಬೇ ಟ್ರೇಲ್ ಚಿಪ್‌ಗಳಿಗೂ ಇಂಥದ್ದೇ ಕಾಟ ಇತ್ತು. ಬಿಲ್ಲಿಂಗ್ ಕೌಂಟರ್‌ನ ಪುಟ್ಟ ಪೆಟ್ಟಿಗೆಗಳಲ್ಲಿ ಕಾಣುವ ಸೆಲೆರಾನ್ ಜೆ1900 ಅದೇ ಕುಟುಂಬದ್ದು. ಹಳೆಯ ಕರ್ನಲ್ ಓಡಿಸುತ್ತಿದ್ದರೆ 'ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1' ಹಾಕಿ ನೋಡಿ.

ಹೊರೆ ಬಿದ್ದಾಗ ನಿಲ್ಲುವುದಾದರೆ ಮೊದಲು ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ (ಮೆಮೊರಿ ವೇಗ ಹೆಚ್ಚಿಸುವ ಆಯ್ಕೆ) ಅಥವಾ ಓವರ್‌ಕ್ಲಾಕ್ ಏನಿದ್ದರೂ ತೆಗೆಯಿರಿ. ದುಡ್ಡಿಲ್ಲದ ಪರೀಕ್ಷೆ ಇದು. ಆಮೇಲೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿಯಿಡೀ ಬಿಡಿ. 2022ರ 6ನೇ ಆವೃತ್ತಿಯಿಂದ ಯುಇಎಫ್‌ಐ ಬೋರ್ಡ್‌ಗಳಲ್ಲೂ ಓಡುತ್ತದೆ. ಒಂದೇ ಒಂದು ಎರರ್ ಬಂದರೂ ಸಾಕು, ಒಂದೊಂದೇ ಸ್ಟಿಕ್ ಹಾಕಿ ಯಾವುದು ಅಂತ ಹಿಡಿಯಿರಿ. ಎರರ್ ಬರಲಿಲ್ಲ ಅಂದ ಮಾತ್ರಕ್ಕೆ ರ‍್ಯಾಮ್ ಸರಿ ಇದೆ ಅಂತ ಖಾತ್ರಿ ಇಲ್ಲ.

ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದರೆ ಬಯಾಸ್ ಅಪ್‌ಡೇಟ್ ಮುಂದೂಡಬೇಡಿ. ಪ್ರೊಸೆಸರ್ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಪಡೆದು ಹಾಳಾಗುತ್ತಿದೆ ಅಂತ 2024ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಆ ವರ್ಷ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿ, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಅನ್ನುವ ಮೈಕ್ರೋಕೋಡನ್ನೂ (ಪ್ರೊಸೆಸರ್‌ನ ಒಳಗಿನ ಕೋಡ್) ಕೊಟ್ಟಿತು. ಆಗಲೇ ಹಾಳಾದ ಚಿಪ್ಪನ್ನು ಅಪ್‌ಡೇಟ್ ರಿಪೇರಿ ಮಾಡುವುದಿಲ್ಲ, ಬದಲಿಸಿಕೊಳ್ಳಬೇಕು.

ಬಿಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರೊಸೆಸರ್ ಕಾದರೆ ಮೊದಲು ವೇಗ ಇಳಿಸುತ್ತದೆ, ಮೀರಿದರೆ ಸಿಸ್ಟಮ್ ಆಫ್ ಆಗುತ್ತದೆ. ನಿಂತಲ್ಲೇ ಹೆಪ್ಪುಗಟ್ಟುವುದು ಅಪರೂಪ. ಧೂಳು ಹೊಡೆಯಿರಿ, ಆದರೆ ಅದರಿಂದಲೇ ಶುರುಮಾಡಬೇಡಿ. ಹಾಗೇ ಕರೆಂಟ್ ಹೋಗಿ ಇನ್ವರ್ಟರ್ ಬರುವ ಹೊತ್ತಿಗೆ ಸಿಸ್ಟಮ್ ರೀಸ್ಟಾರ್ಟ್ ಆಗುತ್ತಿದ್ದರೆ ಅದು ಈ ಲೇಖನದ ರೋಗ ಅಲ್ಲ. ಇನ್ವರ್ಟರ್ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯಾ ನೋಡಿ.

ಸರಿಹೋಗಿದೆ ಅಂತ ಗೊತ್ತಾಗುವುದು ಹೇಗೆ

ಒಂದು ಸಲಕ್ಕೆ ಒಂದೇ ಬದಲಾವಣೆ. ಬಯಾಸ್ ಅಪ್‌ಡೇಟ್, ಹೊಸ ಕರ್ನಲ್, ಎಕ್ಸ್‌ಎಂಪಿ ಆಫ್ ಎಲ್ಲ ಒಂದೇ ಸಂಜೆ ಮಾಡಿ ಹ್ಯಾಂಗ್ ನಿಂತರೆ ಖುಷಿಯೇ, ಆದರೆ ಯಾವುದರಿಂದ ಅಂತ ಗೊತ್ತಿರುವುದಿಲ್ಲ. ಆರು ತಿಂಗಳಾದ ಮೇಲೆ ಅದೇ ತೊಂದರೆ ಮತ್ತೆ ಬಂದರೆ ಪುನಃ ಮೊದಲಿನಿಂದ ಹುಡುಕಬೇಕು. ಎರಡು ದಿನಕ್ಕೊಮ್ಮೆ ನಿಲ್ಲುತ್ತಿದ್ದ ಸಿಸ್ಟಮ್ ಮೂರು ದಿನ ಚೆನ್ನಾಗಿ ಓಡಿದ್ದು ಏನನ್ನೂ ಹೇಳುವುದಿಲ್ಲ. ಎರಡು ವಾರ ನೋಡಿ.

ಕಾರಣ ಸಿಕ್ಕಿದ ಮೇಲೆ 'ಕ್ಯಾಟ್ /ಪ್ರಾಕ್/ಸಿಎಂಡಿಲೈನ್' ಕೊಟ್ಟು ಏನೇನು ಪ್ಯಾರಾಮೀಟರ್ ಉಳಿದಿದೆ ಅಂತ ನೋಡಿ. ಹುಡುಕಾಟದ ಮಧ್ಯೆ ಅಲ್ಲಿ ಇಲ್ಲಿ ಓದಿ ಸೇರಿಸಿದ 'ಪಿಸಿಐಇ_ಎಎಸ್‌ಪಿಎಂ=ಆಫ್', 'ನೋಮೋಡ್‌ಸೆಟ್' ಥರದವು ಗ್ರಬ್ ಫೈಲ್‌ನಲ್ಲಿ ಹಾಗೇ ಕೂತಿರುತ್ತವೆ. ನೋಮೋಡ್‌ಸೆಟ್ ಉಳಿದರೆ ಗ್ರಾಫಿಕ್ಸ್ ಕಾರ್ಡ್ ಇದ್ದೂ ಇಲ್ಲದಂತೆ, ವಿಡಿಯೋ ಪೂರ್ತಿ ಪ್ರೊಸೆಸರ್ ಮೇಲೆ ಬೀಳುತ್ತದೆ. ಬೇಕಾದ ಒಂದನ್ನು ಬಿಟ್ಟು ಮಿಕ್ಕಿದ್ದನ್ನು ತೆಗೆದು, ಉಬುಂಟು ಮತ್ತು ಡೆಬಿಯನ್‌ನಲ್ಲಾದರೆ 'ಅಪ್‌ಡೇಟ್-ಗ್ರಬ್' ಓಡಿಸಿ ರೀಬೂಟ್ ಮಾಡಿ.